ಕಾಯಿ ಕಟ್ಟದ ಡ್ರ್ಯಾಗನ್ ಬಳ್ಳಿ

"ಹೋದ ಸಲದ ಹೂವಾದ್ರೂ ಕಾಯಿ ಕಟ್ತಾ?"

ನರ್ಸರಿಯವನು ತಾರಸಿಗೆ ಕಾಲಿಟ್ಟವನೇ ಕೇಳಿದ. ಟೈಲರ್ ಹುಡುಗಿ ಏನೂ ಅರಿಯದವಳ ಹಾಗೆ ತಲೆಯಾಡಿಸಿದಳು. "ಇಲ್ಲ. ಉದುರಿಹೋಯ್ತು."

ಕಂಬ ತಬ್ಬಿಕೊಂಡು ಬೆಳೆದ ಆ ಡ್ರ್ಯಾಗನ್ ಫ್ರೂಟ್ ಬಳ್ಳಿಯ ಜಾತಿಯೇ ಹಾಗೆ. ಬೇರೆ ತಳಿಯ ಪರಾಗ ಮುಟ್ಟಿಸದಿದ್ದರೆ ಕಾಯಿ ಕಟ್ಟುವುದಿಲ್ಲ. ರಾತ್ರಿ ಅರಳಿದ ಹೂ ಬಿಸಿಲೇರಿದರೆ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಹೂ ಅರಳಿದಾಗಲೆಲ್ಲ ಅವನು ನಸುಕಿನಲ್ಲೇ ಪರಾಗದ ಡಬ್ಬಿ, ಬ್ರಷ್ ಹಿಡಿದು ಮೂರು ಮಹಡಿ ಹತ್ತಿ ಬರುತ್ತಿದ್ದ. ಎರಡು ವರ್ಷದಿಂದ ಇದೇ ಕಥೆ.

ಅವಳು ಎಸಳುಗಳನ್ನು ಬಿಡಿಸಿ ಹಿಡಿಯಬೇಕು, ಅವನು ಒಳಗೆ ಬ್ರಷ್ ಆಡಿಸಬೇಕು. ಎರಡು ನಿಮಿಷದ ಕೆಲಸಕ್ಕೆ ಪುಣ್ಯಾತ್ಮ ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದ. ಅವನ ರೆಪ್ಪೆಗೆ ಹಳದಿ ಪುಡಿ ಅಂಟಿರುತ್ತಿತ್ತು. ಒರೆಸೋಣ ಅಂತ ಅವಳಿಗೆ ಪ್ರತಿ ಸಲವೂ ಅನ್ನಿಸುತ್ತಿತ್ತು. ಅನ್ನಿಸಿದರೆ ಆಯಿತೇ, ಧೈರ್ಯ ಬೇಡವೇ?

"ಹೂ ನೋಡೋಕೆ ಕಣ್ಣಿಗೆ ಕಾಡಿಗೆ ಯಾಕಮ್ಮ?" ಎಂದು ಇವತ್ತೂ ಸೋದರತ್ತೆ ಹಾಸಿಗೆಯಿಂದಲೇ ಕೇಳಿದ್ದರು. ಅವಳು ಕೇಳಿಸದವಳಂತೆ ಮೆಟ್ಟಿಲು ಹತ್ತಿದ್ದಳು.

ಆದರೆ ಇವತ್ತು ಅವನ ಚೀಲದಿಂದ ಹೊರಬಂದದ್ದು ಡಬ್ಬಿಯಲ್ಲ, ಮೊಳದುದ್ದದ ಹಸಿರು ಬಳ್ಳಿ ತುಂಡು.

"ಇದು ಬೇರೆ ತಳಿ. ತಾನಾಗೇ ಕಾಯಿ ಕಟ್ಟುತ್ತೆ, ಯಾರೂ ಬರಬೇಕಾಗಿಲ್ಲ," ಎಂದ, ಅವಳ ಮುಖ ನೋಡದೆ. "ಎರಡು ವರ್ಷದಲ್ಲಿ ನಿಮಗೆ ಒಂದು ಹಣ್ಣು ತಿನ್ನಿಸೋಕಾಗಲಿಲ್ಲ. ನನ್ನ ಕೈಗುಣವೇ ಸರಿಯಿಲ್ಲ."

ಆ ತುಂಡು ತೆಗೆದುಕೊಂಡರೆ ಇವನು ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ. ತಿಂಗಳುಗಟ್ಟಲೆ ಮೊಗ್ಗಿಗಾಗಿ ಕಾದದ್ದು, ಹೊಲಿಗೆ ಬಿಟ್ಟು ಬಿಟ್ಟು ಬಂದು ನೋಡಿದ್ದು, ಎಲ್ಲ ನೀರಲ್ಲಿ ಹೋಮ. ಅವಳು ಕೈ ಚಾಚಲಿಲ್ಲ.

"ನಿಮ್ಮ ಕೈಗುಣ ಚೆನ್ನಾಗೇ ಇದೆ. ಪ್ರತಿ ಹೂವೂ ಕಾಯಿ ಕಟ್ಟಿದೆ."

"ಮತ್ತೆ ಕಾಯಿ ಎಲ್ಲಿ?"

"ನಾನೇ ಕಿತ್ತೆ." ಸ್ವರ ಅವಳಿಗೇ ಕೇಳಿಸದಷ್ಟು ಸಣ್ಣದಾಯಿತು. "ಕಾಯಿ ಹೊತ್ತ ಬಳ್ಳಿ ಬೇಗ ಮೊಗ್ಗು ಬಿಡಲ್ಲ ಅಂತ ನೀವೇ ಹೇಳಿದ್ರಲ್ಲ. ಮೊಗ್ಗಿಲ್ಲದಿದ್ರೆ ನೀವೆಲ್ಲಿ ಬರ್ತೀರಿ?"

ಅವನು ಹಸಿರು ತುಂಡನ್ನು ಹಿಡಿದೇ ನಿಂತ. ಎರಡು ವರ್ಷ ತನ್ನ ಕೈಯನ್ನು ತಾನೇ ಬೈದುಕೊಂಡವನ ಮುಖದಲ್ಲಿ ಮೊದಲು ಸಿಟ್ಟು ಬಂತು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಬಳ್ಳಿಗೆ ಅನ್ಯಾಯ ಮಾಡಿದ್ರಿ."

"ಹೂಂ."

"ನನಗೂ. ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ, ನಾನು ಅದಕ್ಕೇ ಕಾಯ್ತಿದ್ದೆ."

ಮಾತಿನ ನಡುವೆ ಬಿಸಿಲು ಕಟ್ಟೆ ದಾಟಿತ್ತು. ಹೂವಿನ ಎಸಳುಗಳು ಬಾಡಿ ಒಳಗೆ ಮಡಚಿಕೊಳ್ಳುತ್ತಿದ್ದವು.

"ಡಬ್ಬಿಯೂ ತರಲಿಲ್ಲ. ಇವತ್ತಿನ ಹೂ ಕೈತಪ್ಪಿತು," ಎಂದ.

"ಹೋಗಲಿ ಬಿಡಿ. ನಾಳೆ ಬನ್ನಿ."

ಅವನು ಬಳ್ಳಿಯನ್ನು ಬುಡದಿಂದ ತುದಿಯವರೆಗೆ ನೋಡಿದ. "ಒಂದು ಮೊಗ್ಗೂ ಇಲ್ಲವಲ್ಲ?"

"ಗೊತ್ತು," ಎಂದಳು. "ಬನ್ನಿ."