ಗಂಡನಿಗಿಂತ ಒಂದು ಮೆಟ್ಟಿಲು ಮೇಲೆ

"ಬೇಡ ಅಂತ ನೀನು ಆ ಮೇಲ್ ಕಳಿಸೋ ತನಕ ನಾನು ಪಾರಣೆ ಮಾಡಲ್ಲ."

ಜಾನಕಮ್ಮ ಬಾಳೆ ಎಲೆಯ ಮುಂದಿನಿಂದ ಎದ್ದೇಬಿಟ್ಟರು. ದ್ವಾದಶಿಯ ಬೆಳಿಗ್ಗೆ. ಹಿಂದಿನ ದಿನವೆಲ್ಲ ಹನಿ ನೀರೂ ಮುಟ್ಟದೆ ಏಕಾದಶಿ ಮಾಡಿದ ಅರವತ್ತೆಂಟರ ಹೆಂಗಸು, ಸಾಲದ್ದಕ್ಕೆ ಸಕ್ಕರೆ ಕಾಯಿಲೆ ಬೇರೆ. ಏಳು ಐವತ್ತರೊಳಗೆ ಪಾರಣೆಯಾಗದಿದ್ದರೆ ಉಪವಾಸದ ಫಲವೇ ಇಲ್ಲವೆಂದು ನಂಬಿದವರು. ಚೆನ್ನೈ ಮೈಲಾಪೂರಿನ ಆ ಹಳೆಯ ಫ್ಲಾಟಿನಲ್ಲಿ ಅಗಸೆ ಸೊಪ್ಪಿನ ಪಲ್ಯದ ಪಾತ್ರೆ ಹಿಡಿದು ನಿಂತಿದ್ದ ಸೊಸೆ ಸುಮೇಧಾ ಗೋಡೆಯ ಕಡೆ ನೋಡಿದಳು. ಗಡಿಯಾರದಲ್ಲಿ ಆಗಲೇ ಏಳೂಕಾಲು.

ಸುಮೇಧಾ ಮತ್ತು ಅವಳ ಗಂಡ ಗುರುಚರಣ ಪೆರುಂಗುಡಿಯ ಒಂದೇ ಕಂಪನಿಯಲ್ಲಿ, ಒಂದೇ ತಂಡದಲ್ಲಿ ಸೀನಿಯರ್ ಎಂಜಿನಿಯರುಗಳು. ಅವನು ಸೇರಿ ಹನ್ನೊಂದು ವರ್ಷ. ಶ್ರೀರಂಗಪಟ್ಟಣದಿಂದ ಬಂದ ಅವಳು ಸೇರಿ ಏಳು. ಮೊನ್ನೆ ಶುಕ್ರವಾರ ಕಂಪನಿಯವರು ಅವಳನ್ನು ತಂಡದ ಲೀಡ್ ಮಾಡಿ, ಸೋಮವಾರದೊಳಗೆ ಒಪ್ಪಿಗೆ ತಿಳಿಸಲು ಹೇಳಿದ್ದರು. ಅಂದರೆ ಇನ್ನು ಗಂಡ ಬರೆದ ಪ್ರೋಗ್ರಾಮನ್ನು ಹೆಂಡತಿ ಒಪ್ಪಿದರಷ್ಟೇ ಅದು ಮುಂದಕ್ಕೆ ಹೋಗುವುದು. ಸಂಬಳ, ರಜೆ ನೋಡಲು ಬೇರೆ ಮ್ಯಾನೇಜರ್ ಇದ್ದಾರೆಂದು ಅವಳು ಎಷ್ಟು ಬಿಡಿಸಿ ಹೇಳಿದರೂ ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಜಾನಕಮ್ಮನಿಗೆ ಈ ಹುದ್ದೆಗಳ ಪಾಠ ಯಾರೂ ಮಾಡಬೇಕಾಗಿರಲಿಲ್ಲವೆನ್ನಿ! ಅಸೋಸಿಯೇಟ್, ಸೀನಿಯರ್, ಲೀಡ್, ಆರ್ಕಿಟೆಕ್ಟ್... ಮಠದಲ್ಲಿ ಸಂಬಂಧ ಕುದುರಿಸುವವರ ಮಾತು ಕೇಳಿ ಕೇಳಿ ಎಲ್ಲವನ್ನೂ ಗೋತ್ರ ಪ್ರವರದ ಹಾಗೆ ಬಾಯಿಪಾಠ ಮಾಡಿದ್ದರು. ಯಾರ ಮಗ ಯಾವ ಮೆಟ್ಟಿಲಲ್ಲಿದ್ದಾನೆಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲರು. ಈಗ ತಮ್ಮ ಮನೆಯ ಸುದ್ದಿಯೇ ಅಲ್ಲಿಗೆ ಹೋಗುವುದೆಂದರೆ!

"ಕಟ್ಟಿಕೊಂಡ ಗಂಡನ ಕೆಲಸದಲ್ಲಿ ಹತ್ತು ಜನರ ಮುಂದೆ ತಪ್ಪು ಹುಡುಕ್ತೀಯಾ? ನಮಗೆ ಅಸಿಂಗ, ಅವಮಾನ ಅಲ್ವೇನಮ್ಮಾ ಅದು? ಎರಡು ಸಾಲು ಬರಿ. ಆಮೇಲೆ ಬಡಿಸು."

ಸುಮೇಧಾ ಗಂಡನ ಕಡೆ ನೋಡಿದಳು. ಗುರುಚರಣ ತಲೆ ತಗ್ಗಿಸಿ ಕೂತಿದ್ದ. ಶುಕ್ರವಾರ ಕಾರಿನಲ್ಲಿ ಸಣ್ಣ ದನಿಯಲ್ಲಿ ಅಭಿನಂದನೆ ಹೇಳಿದವನು ಆಮೇಲೆ ಆ ಮಾತನ್ನೇ ಎತ್ತಿರಲಿಲ್ಲ. ಅತ್ತೆಯ ಹಟವನ್ನು ಹೇಗಾದರೂ ಸಹಿಸಿಯಾಳು, ಈ ಮೌನವನ್ನು ಹೇಗೆ ಸಹಿಸುವುದು? ಒಂದು ಮಾತು... ಒಂದೇ ಒಂದು ಮಾತು ಆಡಬಾರದೇ? ಪಾತ್ರೆ ಕೆಳಗಿಟ್ಟು, ಲ್ಯಾಪ್‌ಟಾಪ್ ತೆರೆದು, ಕಣ್ಣು ಮಂಜಾಗುತ್ತಿದ್ದರೂ ಎರಡು ಸಾಲು ಬರೆದಳು.

"ಏನು ಬರೆದೆ, ಓದಮ್ಮಾ" ಎಂದರು ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದ ಮಾವ ಪಂಢರಿನಾಥರು. ಮನೆಯ ಕಾರಣಗಳಿಂದ ಈ ಹುದ್ದೆ ತನಗೆ ಬೇಡವೆಂದು ಬರೆದದ್ದನ್ನು ಅವಳು ಓದಿದಳು. ಮುದುಕರು ತಲೆಯಾಡಿಸಿದರು. "ಸರಿಯಾಗೇ ಇದೆ. ನಾನೂ ಹೀಗೇ ಬರೆದಿದ್ದೆ. ಮೂರು ಸಲ."

ಅದು ಮನೆಯವರೆಲ್ಲ ಬಲ್ಲ ಕಥೆ. ಅವರು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು. ಆಫೀಸರಾದರೆ ಪರಊರಿಗೆ ವರ್ಗ. ಮದ್ರಾಸು ಬಿಡಕೂಡದೆಂದು ಅವರ ತಾಯಿಯ ಹಟ. ಮೂರು ಸಲವೂ ಬಡ್ತಿ ಬೇಡವೆಂದು ಬರೆದುಕೊಟ್ಟರು. ಅವರ ಹತ್ತಿರ ಕೆಲಸ ಕಲಿತ ಹುಡುಗರು ಆಫೀಸರಾಗಿ ಬಂದು ಕೂತರು. ಅವರ ಮುಂದೆ ಇವರು ಸಹಿಗಾಗಿ ನಿಂತರು. ಎಂಥ ಮಾತೃಭಕ್ತಿ ಎಂದು ಜಾನಕಮ್ಮ ನಲವತ್ತು ವರ್ಷದಿಂದ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದರು.

"ಇವತ್ತು ನಿಜ ಹೇಳ್ತೀನಿ ಕೇಳು ಜಾನಕಿ" ಎಂದರು ಪಂಢರಿನಾಥರು. "ಕಡೇ ಕಾಲದಲ್ಲಿ ಅಮ್ಮನಿಗೆ ಕೈಯಾರೆ ಗಂಜಿ ಕುಡಿಸಿದೆ, ಮೈ ಒರೆಸಿದೆ... ಮನಸ್ಸಲ್ಲಿ ಮಾತ್ರ ಒಂದು ಚೂರೂ ಪ್ರೀತಿ ಇರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಹೋದಳು." ಅವರು ಸೊಸೆಯ ಕಡೆ ಕೈ ತೋರಿಸಿದರು. "ನಾಳೆ ನಿನ್ನ ಬಾಯಿಗೆ ಗಂಜಿ ಹಾಕೋಳು ಇವಳೇ ಕಣೇ."

ಜಾನಕಮ್ಮ ಗೋಡೆಗೆ ಒರಗಿದರು. ಕಡೆಯ ದಿನಗಳಲ್ಲಿ ಮಗ ಬಂದರೆ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದ ಆ ಮುದುಕಿಯನ್ನು ಅವರೇ ಕಂಡಿದ್ದರು. ವಯಸ್ಸಿನ ಭ್ರಮೆ ಎಂದುಕೊಂಡಿದ್ದರು. ಅಯ್ಯೋ, ತಾನು ಇಷ್ಟು ವರ್ಷ ಮೆರೆಸಿದ್ದು ಇದನ್ನೇ! ಸೊಸೆಯ ಒದ್ದೆ ಮುಖವನ್ನು ನೋಡಿದರು, ನೋಡಲಾರದೆ ಬಂದು ಎಲೆಯ ಮುಂದೆ ಕೂತರು.

"ಅದನ್ನ ಅಳಿಸಿಬಿಡಮ್ಮಾ... ಹೊತ್ತು ಮೀರ್ತಾ ಇದೆ, ಬಡಿಸು" ಎಂದರು. ಎರಡು ತುತ್ತು ಒಳಗೆ ಹೋದ ಮೇಲೆ ಹಳೆಯ ಗತ್ತು ಕೊಂಚ ಮರಳಿತು. ಗಂಡನ ತಪ್ಪು ಸಿಕ್ಕಿದರೆ ಮೆಲ್ಲಗೆ ಹೇಳಬೇಕೆಂದು ಗೊಣಗಿದರು. ಗುರುಚರಣ ಮಾತ್ರ ಊಟ ಮುಗಿಸಿ ತುಟಿ ಬಿಚ್ಚದೆ ಎದ್ದುಹೋದ.

ಸೋಮವಾರ ಸುಮೇಧಾ ಒಪ್ಪಿಗೆ ಕಳಿಸಿ, ಹೊಸ ಲೀಡ್ ಆಗಿ ಮೊದಲ ಮೀಟಿಂಗಿಗೆ ಹೋದಳು. ಮೇಜಿನ ಸುತ್ತ ಎಂಟು ಜನ. ಯಾರ ಕೆಲಸ ಎಲ್ಲಿಗೆ ಬಂತು, ಎಲ್ಲಿ ತೊಡಕಾಯಿತು ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. ಗುರುಚರಣನ ಸರದಿ ಬಂತು. ಕೇಳಲಾಗಲಿಲ್ಲ. ಅವನನ್ನು ದಾಟಿ ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ಸಾಯಿಯ ಕಡೆ ತಿರುಗಿದಳು. ಸಾಯಿ ಬಾಯಿ ತೆರೆಯುವಷ್ಟರಲ್ಲಿ ಗುರುಚರಣ ಅವನ ತೋಳು ಮುಟ್ಟಿ ತಡೆದ.

"ನನ್ನನ್ನ ಬಿಟ್ಟುಬಿಟ್ಟೆ" ಎಂದ, ಎಲ್ಲರೆದುರು, ಕನ್ನಡದಲ್ಲೇ. "ಕೇಳು ಸುಮೇಧಾ. ನನ್ನನ್ನೂ ಕೇಳು."

ಅವಳು ಕಣ್ಣೊರೆಸಿಕೊಂಡು, ಉಳಿದವರನ್ನು ಕೇಳಿದ ದನಿಯಲ್ಲೇ ಅವನನ್ನೂ ಕೇಳಿದಳು. ಶುಕ್ರವಾರದಿಂದ ತನ್ನ ಪ್ರೋಗ್ರಾಮಿನಲ್ಲಿ ಒಂದು ತಪ್ಪು ಕಾಡುತ್ತಿದೆ, ಎಷ್ಟು ಹುಡುಕಿದರೂ ತನಗೆ ಸಿಗುತ್ತಿಲ್ಲ ಎಂದು ಗುರುಚರಣ ಹೇಳಿದ. ಸುಮೇಧಾ ಕುರ್ಚಿ ಎಳೆದುಕೊಂಡು ಅವನ ಪಕ್ಕ ಬಂದು ಕೂತಳು.