ನಾಲ್ಕನೇ ಪುಟದ ಹೆಸರು

ಪ್ರಣಿತಾಳ ಪೋರ್ಟ್‌ಫೋಲಿಯೊವನ್ನು ಅಮಿತಕುಮಾರ ಸರ್ ಮೂರನೇ ಸಲ ವಾಪಸ್ ಕೊಟ್ಟರು. "ಕೆಲಸ ಛಲೋ ಅದ. ಆದ್ರ ಇದರಾಗ ನೀನು ಎಲ್ಲಿದ್ದಿ?" ಎಂದಷ್ಟೇ ಕೇಳಿದರು.

ಮೂರು ವರ್ಷ ಠಾಣಾ ಕುಶನೂರಿನಿಂದ ಬೀದರಿಗೆ ಬಸ್ಸಿನಲ್ಲಿ ಓಲಾಡುತ್ತ ಬಂದು ಗ್ರಾಫಿಕ್ ಡಿಸೈನ್ ಓದಿದ್ದಕ್ಕೆ ಕೊನೆಗೆ ಸಿಕ್ಕಿದ್ದು ಈ ಪ್ರಶ್ನೆ. ಹೈದರಾಬಾದಿನ ಪ್ಯಾಕೇಜಿಂಗ್ ಸ್ಟುಡಿಯೊದವರು ಮರುದಿನವೇ ಕಾಲೇಜಿಗೆ ಇಂಟರ್‌ವ್ಯೂ ಮಾಡಲು ಬರುವವರಿದ್ದರು.

ಅದೇ ಸಿಟ್ಟಿನಲ್ಲಿ ಅವಳು ಮಕ್ಸೂದನ ಪ್ರಿಂಟಿಂಗ್ ಅಂಗಡಿಗೆ ಹೋದಳು. ತನ್ನ ಹಾಳೆಗಳಿಗೆ ಕಾಯುತ್ತಿದ್ದಾಗ ಮೆಷಿನ್ನಿನಿಂದ ಬೇರೊಬ್ಬರ ಪೋರ್ಟ್‌ಫೋಲಿಯೊದ ನಾಲ್ಕನೇ ಪುಟ ಹೊರಬಂತು. ಹಲಬರ್ಗಾದ ಹೆಣ್ಣುಮಕ್ಕಳ ಸಂಘಕ್ಕೆಂದು ಮಾಡಿದ ತೊಗರಿಬೇಳೆಯ ರಟ್ಟಿನ ಡಬ್ಬಿಯ ಚಿತ್ರ. ಅದರ ಮೇಲಿನ ‘ತೊಗರಿ’ ಅವಳ ಕೈಬರಹ. ಯಾವ ಫಾಂಟೂ ಒಗ್ಗದೆ ಹದಿನೇಳು ಸಲ ಬರೆದು ಹರಿದು ಮತ್ತೆ ಬರೆದದ್ದು.

ಕೆಳಗೆ ಸಣ್ಣದಾಗಿ ಹೀಗಿತ್ತು: ‘ವಿನ್ಯಾಸ: ಸಿದ್ದೇಶ್ವರ’.

"ಯಾಕ್ರಿ, ಕಲರ್ ಬರೋಬ್ಬರಿ ಬಂದಿಲ್ಲೇನು?" ಎಂದ ಮಕ್ಸೂದ.

"ಕಲರ್ ಭಾಳ ಛಲೋ ಬಂದದ್ರಿ."

ಅಷ್ಟರಲ್ಲಿ ಸಿದ್ದೇಶ್ವರ ಬಂದ. ಅವಳನ್ನು ಹೊರಗಿನಿಂದಲೇ ನೋಡಿರಬೇಕು; ಕೈಯಲ್ಲಿ ಎರಡು ಚಹಾ ಕಪ್ಪುಗಳಿದ್ದವು. ಭಾಲ್ಕಿಯ ಈ ಹುಡುಗ ಎರಡು ವರ್ಷದಿಂದ ಲ್ಯಾಬಿನಲ್ಲಿ ಅವಳ ಪಕ್ಕದ ಕುರ್ಚಿಯವನು. ಅವಳ ಕಂಪ್ಯೂಟರ್ ನಿಂತುಹೋದರೆ ಮಾತಿಲ್ಲದೆ ತನ್ನ ಕುರ್ಚಿ ಬಿಟ್ಟುಕೊಡುತ್ತಿದ್ದ. ನಗುವಾಗ ಮೊದಲು ಎಡಹುಬ್ಬು ಏರುತ್ತಿತ್ತು. ಇವತ್ತೂ ಏರಿತು. ಅವಳ ಕೈಯಲ್ಲಿದ್ದ ಪುಟ ಕಂಡು ಹಾಗೇ ಇಳಿಯಿತು.

"ಇದು ಯಾರ ಅಕ್ಷರ?"

"ನಿಂದು."

"ಹೆಸರು?"

ಅವನು ಕಪ್ಪುಗಳನ್ನು ಟೇಬಲ್ ಮೇಲಿಟ್ಟ. "ಇಬ್ರು ಕೂಡಿ ಮಾಡಿದ ಕೆಲಸ ಹಾಕಬ್ಯಾಡ್ರಿ ಅಂತ ಸರ್ ಅಂದಾರ. ನನ್ನ ಹತ್ರ ಬ್ಯಾರೆ ಛಲೋದು ಏನದ, ಪ್ರಣಿತಾ? ಅಂಜಿ ನನ್ನೊಬ್ಬನ ಹೆಸರು ಹಾಕಿದೆ."

"ಸರ್ ಮಾತು ಕೇಳೇ ನಾನೂ ಇದನ್ನ ನನ್ನ ಪೋರ್ಟ್‌ಫೋಲಿಯೊದಾಗ ಹಾಕಿಲ್ಲ. ನೀ ನನ್ನ ಕೇಳಬೇಕಿತ್ತು. ಕೇಳಿದ್ರ ಕೊಡ್ತಿದ್ದೆ. ಅದಕ್ಕೇ ಹೊಟ್ಟಿ ಉರೀತದ."

ಚಹಾ ಮುಟ್ಟದೆ ಅವಳು ಹೊರಟಳು.

ಮರುದಿನ ಕಾಲೇಜಿನ ವರಾಂಡದಲ್ಲಿ ಅವನು ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು ಕೂತಿದ್ದ. ಆ ಬಣ್ಣ ಅವನಿಗೆ ಒಪ್ಪುತ್ತದೆ ಎಂದು ಗಮನಿಸಿದ ತನ್ನ ಕಣ್ಣುಗಳ ಮೇಲೇ ಅವಳಿಗೆ ಸಿಟ್ಟು ಬಂತು. ಅವನು ಒಳಗೆ ಹೋದ. ಹತ್ತೇ ನಿಮಿಷಕ್ಕೆ ಹೊರಬಂದು ತಲೆ ಎತ್ತದೆ ಮೆಟ್ಟಿಲಿಳಿದ. ಮುಂದಿನ ಕರೆ ಅವಳಿಗೆ.

ಸ್ಟುಡಿಯೊದ ಸುಗರಾ ಮೇಡಂ ಬೀದರಿನಲ್ಲೇ ಬೆಳೆದವರು. ಅವರ ಮುಂದೆ ಅದೇ ನಾಲ್ಕನೇ ಪುಟ ತೆರೆದಿತ್ತು.

"ಈ ಅಕ್ಷರ ನಿಮ್ದಂತ. ನಿಮ್ಮನ್ನ ಕೇಳದೇ ಹಾಕೀನಿ ಅಂತ ಆ ಹುಡುಗ ತಾನೇ ಹೇಳಿದ. ನಾ ಏನೂ ಕೇಳಿರಲಿಲ್ಲ. ಬರೆದು ತೋರಸ್ತೀರೇನು?"

ಪ್ರಣಿತಾ ಮಾರ್ಕರ್ ಹಿಡಿದು ಬೋರ್ಡಿನ ಮುಂದೆ ನಿಂತಳು. ಗುಂಡಗೆ, ಬೇಳೆಯ ಹಾಗೆ ತುಂಬಿಕೊಂಡು ‘ತೊಗರಿ’ ಮೂಡಿತು.

"ಈ ಡಬ್ಬಿ ಯಾರ್ದು? ಅಂಟಿಲ್ಲದೇ ರಟ್ಟು ಮಡಚಿ ನಿಲ್ಸಿದ್ದು?"

ತನ್ನದೇ ಎಂದುಬಿಡಬಹುದಿತ್ತು. ಒಂದು ಕ್ಷಣ ಬಾಯಿಯವರೆಗೂ ಬಂತು. "ಅದು ಸಿದ್ದೇಶ್ವರಂದ್ರಿ. ನನಗ ಡಬ್ಬಿ ಕಟ್ಟಾಕ ಬರಂಗಿಲ್ಲ," ಎಂದಳು.

ಮಧ್ಯಾಹ್ನ ಫಲಿತಾಂಶ ಬಂತು. ಪ್ರಣಿತಾಗೆ ಕೆಲಸ ಸಿಕ್ಕಿತು. ಸಿದ್ದೇಶ್ವರನಿಗೆ, ಆರು ತಿಂಗಳು ಬಿಟ್ಟು ನಿನ್ನದೇ ಕೆಲಸ ತೆಗೆದುಕೊಂಡು ಬಾ ಎಂದಿದ್ದರು.

ಬಸ್‌ಸ್ಟ್ಯಾಂಡಿನಲ್ಲಿ ಊರಿಗೆ ಹೋಗಲು ಔರಾದ ಬಸ್ ಹತ್ತಿ ಅವಳು ಕಿಟಕಿಯ ಪಕ್ಕ ಕೂತಳು. ಭಾಲ್ಕಿಯ ಬಸ್ಸು ಹೊರಡುತ್ತಿದ್ದರೂ ಅದನ್ನು ಬಿಟ್ಟು ಅವನು ಈ ಕಿಟಕಿಯ ಕೆಳಗೆ ಬಂದು ನಿಂತ.

"ಮಾಫ್ ಮಾಡು ಅನ್ನಾಕ ಬಂದಿಲ್ಲ. ಅದು ನಿನ್ನ ಮರ್ಜಿ. ಇನ್ನೊಂದು ಮಾತದ."

"ಲಗೂನ ಹೇಳು. ಡ್ರೈವರ್ ಬಂದ."

"ಎರಡು ವರ್ಷದಿಂದ ನಿನ್ನ ಮ್ಯಾಲ ಜೀವ ಅದ."

ಅವಳಿಗೆ ಅಳು ಬಂತೋ ರೇಗಿತೋ ತಿಳಿಯಲಿಲ್ಲ. ಎರಡು ವರ್ಷ ಈ ಮಾತಿಗಾಗಿ ಕಿವಿ ತೆರೆದುಕೊಂಡೇ ಕೂತಿದ್ದಳು. ಲ್ಯಾಬಿನಲ್ಲಿ ಹೇಳಬಹುದಿತ್ತು, ಅಷ್ಟೂರಿನ ಗುಮ್ಮಟಗಳನ್ನು ಸ್ಕೆಚ್ ಮಾಡಲು ಹೋದ ದಿನ ಹೇಳಬಹುದಿತ್ತು.

"ಇದನ್ನ ಹೇಳಾಕ ಇವತ್ತೇ ಸಿಕ್ಕಿತೇನು ನಿನಗ? ನಿನ್ನಿ ಮುಂಜಾನಿ ಅಂದಿದ್ರ ನಕ್ಕೋತ ಹೂಂ ಅಂತಿದ್ದೆ."

"ಈಗ?"

"ಈಗ ಸಿಟ್ಟದ."

"ಎಷ್ಟು ದಿನ ಇರ್ತದ?"

"ನನಗ್ಯಾಂಗ ಗೊತ್ತು?" ಬಸ್ಸು ಅಲುಗಾಡಿತು. ಅವನು ಜೊತೆಗೇ ನಡೆಯತೊಡಗಿದ. ಅವಳು ಕಿಟಕಿಯ ಸರಳು ಹಿಡಿದು ಬಗ್ಗಿದಳು. "ಕೇಳಿಲ್ಲಿ. ಹೊಸಾದು ಏನು ಮಾಡಿದ್ರೂ ಮೊದ್ಲ ನನಗ ತೋರ್ಸು. ಸರ್‌ಗಲ್ಲ, ಮೇಡಂಗೂ ಅಲ್ಲ."

"ಕೆಟ್ಟಿದ್ರ?"

"ಕೆಟ್ಟದ ಅಂತೀನಿ."

ಸರಳಿನ ಮೇಲಿದ್ದ ಅವಳ ಬೆರಳುಗಳನ್ನು ಅವನು ಒಂದೇ ಸಲ ಮುಟ್ಟಿದ. ಅವಳು ಕೈ ತೆಗೆಯಲಿಲ್ಲ. ಬಸ್ಸು ವೇಗ ಹಿಡಿಯಿತು, ಅವನು ಧೂಳಿನಲ್ಲಿ ಹಿಂದುಳಿದ.

ದಾರಿಯುದ್ದಕ್ಕೂ ಅವಳು ಸಿಟ್ಟನ್ನು ಇಳಿಯಗೊಡದೆ ಗಟ್ಟಿ ಹಿಡಿದುಕೊಂಡು ಕೂತಳು. ಸಿಟ್ಟು ಇಳಿದರೆ ಅವನಿಗೆ ಇವತ್ತೇ ಫೋನು ಮಾಡಬೇಕಾಗುತ್ತಿತ್ತು.