ಏಳನೇ ಕಂಬ

“ಬೇರೆ ಯಾವ ಕಂಬಕ್ಕಾದ್ರೂ ಆ ಮಾತು ಹೇಳ್ರಿ ಸಾರ್, ಇದಕ್ಕೆ ಮಾತ್ರ ಬ್ಯಾಡ. ಇದನ್ನ ಕೀಳೋದೂ ಬ್ಯಾಡ.”

ದಾಸಣ್ಣನ ಹೆಲ್ಮೆಟ್ಟಿನ ದೀಪ ಕಂಬದ ಬುಡದಲ್ಲೇ ನಿಂತಿತ್ತು. ಅದನ್ನು ಮೇಲಕ್ಕೆತ್ತಲು ಮುದುಕನಿಗೆ ಮನಸ್ಸಿರಲಿಲ್ಲ. ನಿರಂಜನ್ ತನ್ನ ದೀಪವನ್ನು ಬೇಕೆಂದೇ ಬುಡದಿಂದ ತುದಿಯವರೆಗೆ ಹರಿಸಿದ. ಆಳೆತ್ತರದ ಹಳೆಯ ಮರದ ಕಂಬ. ನಡುವಿಗೆ ಕರಿಕುರಿಯ ಉಣ್ಣೆದಾರ ಸುತ್ತಿತ್ತು. ದಾರದ ಕೆಳಗೆ ತುಕ್ಕು ಹಿಡಿದ ಮೊಳೆಗಳು. ಮೊಳೆಗಳ ನಡುವೆ ಅಂಗೈ ಅಗಲದ ತಾಮ್ರದ ತಗಡು, ಅದರ ಮೇಲೆ ಕಿಲುಬಿನ ಹಸಿರು. ಒದ್ದೆ ಮರದ ವಾಸನೆಯ ಜೊತೆಗೆ ಇನ್ನೊಂದು ವಾಸನೆಯೂ ಅಲ್ಲಿತ್ತು. ಅದು ಬಹಳ ದಿನ ತೊಳೆಯದ ಮೈಯ ವಾಸನೆ.

“ಯಾರು ಮಾಡಿಸಿದ ಮಾಟ ದಾಸಣ್ಣ? ನಿಂಬೆಹಣ್ಣು ಮರ್ತಿದಾರಲ್ಲ” ಎಂದು ನಿರಂಜನ್ ನಕ್ಕ.

“ನಗಬ್ಯಾಡ್ರಿ. ಅದು ಕೇಳಿಸ್ಕಂತೈತೆ.”

“ಮಾವ ಹಿಂಗೇ ಸಾರ್” ಎಂದ ಕೊಟ್ರೇಶ್. ಅವನು ದಾಸಣ್ಣನ ಅಕ್ಕನ ಮಗ, ಬಂಡೆಗೆ ತೂತು ಕೊರೆಯುವ ಕೆಲಸದವನು. “ಬೆಕ್ಕು ಅಡ್ಡ ಬಂದ್ರೆ ಬೈಕ್ ಇಳಿದು ಊರತನಕ ತಳ್ಕಂಡು ಹೋಗ್ತಾನೆ. ಪೆಟ್ರೋಲ್ ಉಳೀತೈತೆ ಬಿಡ್ರಿ.”

ನಿರಂಜನ್ ಐಮಂಗಲದವನು. ಒಂಬತ್ತು ವರ್ಷ ಗೋದಾವರಿ ದಂಡೆಯ ಕಲ್ಲಿದ್ದಲು ಗಣಿಗಳಲ್ಲಿ ದುಡಿದು, ಹದಿನೈದು ದಿನದ ಹಿಂದಷ್ಟೇ ಹೊಸದುರ್ಗದ ಕಡೆಯ ಕೆಂಚನಗುಡ್ಡಕ್ಕೆ ಬಂದಿದ್ದ. ಮೂವತ್ತೈದು ವರ್ಷ ಮುಚ್ಚಿದ್ದ ತಾಮ್ರದ ಗಣಿಯನ್ನು ಹೊಸ ಕಂಪನಿಯೊಂದು ತೆರೆಯುತ್ತಿತ್ತು. ತಲೆಯ ಮೇಲಿನ ಬಂಡೆ ನಿಲ್ಲುತ್ತದೋ ಬೀಳುತ್ತದೋ ನೋಡಿ ಆಸರೆ ಕೊಡಿಸುವುದು ಅವನ ಕೆಲಸ. ಆ ಬಂಡೆಯನ್ನು ಇಲ್ಲಿನವರು ಮಾಳಿಗೆ ಎನ್ನುತ್ತಿದ್ದರು, ತಮ್ಮ ಮನೆಗಳ ಮಣ್ಣಿನ ಸೂರಿಗೆ ಹೇಳುವಂತೆಯೇ. ಮಾಳಿಗೆ ಉದುರಿದಾಗ ಏನಾಗುತ್ತದೆ ಎಂಬುದನ್ನು ನಿರಂಜನ್ ಕಲ್ಲಿದ್ದಲಿನಲ್ಲಿ ಕಣ್ಣಾರೆ ಕಂಡಿದ್ದ. ಕಾಲು ಹೋದವರನ್ನು, ಬೆನ್ನು ಮುರಿದವರನ್ನು ಹೊತ್ತು ಮೇಲೆ ತಂದಿದ್ದ. ಅವರಲ್ಲಿ ಯಾರಿಗೂ ಯಾರೂ ಮಾಟ ಮಾಡಿಸಿರಲಿಲ್ಲ. ಆಸರೆ ಸಾಲದೆ ಕಲ್ಲು ಬಿದ್ದಿತ್ತು, ಅಷ್ಟೇ.

ಈ ಕಂಬವಂತೂ ಪೂರಾ ವಾಲಿತ್ತು. ಇದರಾಚೆ, ಗುಡ್ಡದ ಹೊಟ್ಟೆಯಲ್ಲಿ, ಹನ್ನೆರಡು ಜನ ಪಂಪು ಹಚ್ಚಿ ಹಳೆಯ ನೀರು ಎತ್ತುತ್ತಿದ್ದರು. ಅವರು ಹೊರಗೆ ಬರಲು ಇದೊಂದೇ ದಾರಿ. ಇದು ಕುಸಿದರೆ ಹನ್ನೆರಡೂ ಜನ ಒಳಗೇ. ಅದನ್ನು ನೆನೆದು ಅವನು ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಇವತ್ತು ಬೆಳಿಗ್ಗೆ ಇಳಿದವನೇ ಕಂಬದ ಎರಡೂ ಪಕ್ಕ ಉಕ್ಕಿನ ಜಾಕುಗಳನ್ನು ನಿಲ್ಲಿಸಿ, ಮಾಳಿಗೆಗೆ ಬಿಗಿದು, ಮೂರು ಸಲ ಪರೀಕ್ಷಿಸಿದ್ದ. ಹೊಸ ಆಸರೆ ನಿಲ್ಲಿಸದೆ ಹಳೆಯದನ್ನು ಮುಟ್ಟುವವರ ಪೈಕಿ ಅವನಲ್ಲ.

ದಾಸಣ್ಣ ಹೇಳಬೇಡಿ ಎಂದ ಆ ಮಾತು ಸುತ್ತಲಿನ ಹಳ್ಳಿಗಳಲ್ಲಿ ದಿನಾ ಕೇಳಿಸುವಂಥದೇ. ತಲೆಹೊರೆ ಹೊತ್ತು ಬಂದವರ ಹೊರೆಗೆ ಕೈ ಕೊಟ್ಟು, “ಇಳಿಸಪ್ಪ, ನಾನು ಹಿಡ್ಕಂಡೀನಿ” ಅನ್ನುತ್ತಾರೆ. ಹೊತ್ತವನು ನಂಬಿ ಕುತ್ತಿಗೆ ಸಡಿಲಿಸುತ್ತಾನೆ. ಗಣಿಯವರು ಕಂಬ ಕೀಳುವಾಗಲೂ ಮಾಳಿಗೆಗೆ ಅಂಗೈ ಒತ್ತಿ ಕಂಬಕ್ಕೆ ಅದನ್ನೇ ಹೇಳುತ್ತಿದ್ದರು. ಹೇಳದೆ ಕಿತ್ತರೆ ಅದು ಹೊತ್ತವನಿಗೆ ಮಾಡಿದ ಅವಮಾನವಂತೆ.

“ಹೇಳೇಬಿಡ್ತೀನಿ. ಪಾಪ, ಮೂವತ್ತೈದು ವರ್ಷದಿಂದ ನಿಂತಿದೆ” ಎಂದ ನಿರಂಜನ್.

“ಸಾರ್, ಕಾಲಿಗೆ ಬೀಳ್ತೀನಿ.”

ನಿರಂಜನ್ ಬಲಗೈ ಎತ್ತಿ ಅಂಗೈಯನ್ನು ಬಂಡೆಗೆ ಒತ್ತಿದ. ನಾಟಕದವರ ಧ್ವನಿಯಲ್ಲಿ ಎಳೆದು ಹೇಳಿದ: “ಇಳಿಸಪ್ಪಾ… ನಾನು ಹಿಡ್ಕಂಡೀನಿ!”

ಕೊಟ್ರೇಶ್ ಗೊಳ್ಳೆಂದು ನಕ್ಕ. ಆಮೇಲೆ ಸುತ್ತಿಗೆ ಎತ್ತಿಕೊಂಡ.

ಹೊಡೆಯಬೇಕಾಗಲಿಲ್ಲ. ಕಂಬ ತಾನಾಗಿಯೇ ಮಾಳಿಗೆಯಿಂದ ಬಿಟ್ಟುಕೊಂಡಿತು. ಅದು ಬೀಳಲಿಲ್ಲ. ದೂರದಿಂದ ನಡೆದು ಬಂದವನು ಮೊದಲು ಮಂಡಿ ಬಗ್ಗಿಸಿ, ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂರುವಂತೆ ನಿಧಾನವಾಗಿ ಜಾರಿ ಒರಗಿತು. ಜಾರುವಾಗ ಅದರೊಳಗಿಂದ ಉದ್ದನೆಯ ಉಸಿರಿನಂಥದೊಂದು ಸದ್ದು ಬಂತು.

ಮೂವರೂ ಅದನ್ನು ಕೇಳಿಸಿಕೊಂಡರು. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಪಂಪಿನ ಗುಂಯ್‌ಗುಟ್ಟುವಿಕೆ ಬಂಡೆಯ ಮೂಲಕ ಪಾದಕ್ಕೆ ತಾಗುತ್ತಿತ್ತು.

“ನೋಡಿದ್ರಾ? ಏನೂ ಆಗ್ಲಿಲ್ಲ” ಎನ್ನುತ್ತ ನಿರಂಜನ್ ಕೈ ಇಳಿಸಿದ.

ಚಟ್ ಎಂದಿತು.

ಕೊಟ್ರೇಶನ ಹೆಲ್ಮೆಟ್ಟಿನ ಮೇಲೆ ಪುಡಿ ಉದುರಿತು. ಅವನು ಮೇಲೆ ನೋಡುವಷ್ಟರಲ್ಲಿ ಬಾಗಿಲಿನಷ್ಟು ಅಗಲದ ಚಪ್ಪಡಿ ಬಂಡೆಯಿಂದ ಬಿಟ್ಟುಕೊಂಡು ಅವನ ಮೇಲೆ ಮಗುಚಿತು. ಧೂಳು ದೀಪಗಳನ್ನು ನುಂಗಿತು. ಧೂಳಿನ ನಡುವಿನಿಂದ ಕೊಟ್ರೇಶನ ಕೂಗು ಕೇಳಿಸಿತು. ಮನುಷ್ಯರ ಕೂಗು ಇಷ್ಟು ಸಣ್ಣದಾಗಬಲ್ಲುದು ಎಂದು ನಿರಂಜನನಿಗೆ ಗೊತ್ತಿತ್ತು. ಮಾಳಿಗೆ ಮತ್ತೆ ಚಟಚಟ ಎನ್ನತೊಡಗಿತು. ಬಿರುಕೊಂದು ನಿರಂಜನನ ತಲೆಯ ಮೇಲಿಂದ ಪಂಪಿನ ಕಡೆಗೆ ಓಡಿತು. ಅವನು ಯೋಚಿಸಲಿಲ್ಲ. ಬೀಳುವ ಗೋಡೆಗೆ ಮಗು ಕೈ ಕೊಡುವಂತೆ ಬಲಗೈಯನ್ನು ಮೇಲಕ್ಕೆ ಕೊಟ್ಟ.

ಎಲ್ಲವೂ ನಿಂತಿತು. ಬಿರುಕು ಅರ್ಧಕ್ಕೇ ನಿಂತಿತು. ಉದುರುತ್ತಿದ್ದ ಪುಡಿಯೂ ನಿಂತಿತು.

ಕೈಯನ್ನು ಒಂದು ಕೂದಲೆಳೆಯಷ್ಟು ಸಡಿಲಿಸಿದ. ಚಟ್. ಒತ್ತಿದ. ಮೌನ. ಇನ್ನೊಮ್ಮೆ ಸಡಿಲಿಸಿದ. ಚಟ್.

ಆಗ ಪಕ್ಕದ ಜಾಕನ್ನು ನೋಡಿದ. ತಾನೇ ಬಿಗಿದ ಉಕ್ಕಿನ ಜಾಕು. ಅದರ ತಲೆಗೂ ಬಂಡೆಗೂ ನಡುವೆ ಈಗ ಬೆರಳು ತೂರುವಷ್ಟು ಸಂದು. ಎರಡೂ ಜಾಕುಗಳು ಏನನ್ನೂ ಹೊರದೆ ಸುಮ್ಮನೆ ನಿಂತಿದ್ದವು. ಇಡೀ ಗುಡ್ಡದ ಭಾರ ಅಂಗೈ ಮೂಲಕ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಳಕೈಗೆ, ಮೊಳಕೈಯಿಂದ ಭುಜಕ್ಕೆ ಇಳಿಯುತ್ತಿತ್ತು. ಮೂಳೆ ಮುರಿಯಬೇಕಿತ್ತು. ಮುರಿಯುತ್ತಿರಲಿಲ್ಲ.

“ದಾಸಣ್ಣ, ಏನಿದು?”

ದಾಸಣ್ಣ ಆಗಲೇ ಚಪ್ಪಡಿಯ ಅಡಿಗೆ ಹಾರೆ ತೂರಿಸುತ್ತಿದ್ದ. ಮೀಟುತ್ತಲೇ, ಏದುಸಿರಿನ ನಡುವೆ ಮಾತಾಡಿದ.

“ಮರುಳಸಿದ್ದಮ್ಮ ಅಂತ ಇದ್ಲು ಸಾರ್. ಆಯಮ್ಮನ ಗಂಡ ಇಲ್ಲೇ ಸತ್ತಿದ್ದು. ಹಿಂಗೇ ಕಂಬ ಕೀಳೋವಾಗ ಮೇಸ್ತ್ರಿ, ನಾನು ಹಿಡ್ಕಂಡೀನಿ, ನೀ ಒಳಗೋಗಿ ಹಾರೆ ತಗಂಬಾ ಅಂದ. ಮಾಳಿಗೆ ಚಟ್ ಅಂತು. ಮೇಸ್ತ್ರಿ ಬಿಟ್ಟು ಓಡಿದ. ಒಳಗಿದ್ದೋನಿಗೆ ಒಂದು ಹಗಲು ಒಂದು ರಾತ್ರಿ ಬಂಡೆ ಅಡಿಗೇ ಜೀವ ಇತ್ತು. ಕರೀತಿದ್ದ. ನಾವೆಲ್ಲ ಕೇಳಿಸ್ಕಂಡ್ವಿ. ಯಾರೂ ಹೋಗ್ಲಿಲ್ಲ… ನಾನೂ ಹೋಗ್ಲಿಲ್ಲ.”

ಚಪ್ಪಡಿ ಒಂದಿಂಚು ಎದ್ದಿತು. ಕೊಟ್ರೇಶ್ ಅರಚಿದ.

“ಕಚ್ಚಿ ಹಿಡಿ ಲೇ ಕೊಟ್ರ, ಇನ್ನೊಂದೀಟು! … ಆಯಮ್ಮ ಗಂಡನ ಕಂಬಳಿ ಬಿಚ್ಚಿ ದಾರ ಮಾಡಿದ್ಲು ಸಾರ್. ಅವನ ಹಾರೆ ಕಾಸಿ ಮೊಳೆ ಹೊಡೆಸಿದ್ಲು. ಹಿಡ್ಕಂಡೀನಿ ಅಂದೋನು ಹಿಡ್ಕಂಡೇ ಇರ್ಲಿ ಅಂತ ಗಣಿ ಬಾಯಿಗೆ ಮಣ್ಣು ತೂರಿದ್ಲು.”

“ಮೇಸ್ತ್ರಿ ಏನಾದ?”

“ಒಂಬತ್ತನೇ ದಿನ ಡ್ಯೂಟಿಗೆ ಇಳಿದ. ಮೇಲಕ್ಕೆ ಬರ್ಲಿಲ್ಲ. ಪೊಲೀಸ್ರೂ ಹುಡುಕಿದ್ರು.” ದಾಸಣ್ಣ ಮೊದಲ ಸಲ ತಲೆಯೆತ್ತಿ ಕಂಬಗಳ ಸಾಲನ್ನು ನೋಡಿದ. “ಈ ಸಾಲಿನಾಗೆ ಆರು ಕಂಬ ಇದ್ವು ಸಾರ್. ಅವತ್ತಿಂದ ಏಳು.”

ನಿರಂಜನ್ ಗೋಡೆಗೆ ಒರಗಿದ ಕಂಬದ ಕಡೆ ತಿರುಗಲಿಲ್ಲ. ತಿರುಗದಿದ್ದರೂ ಅದು ಅಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿರುವುದು ಬೆನ್ನಿಗೆ ತಿಳಿಯುತ್ತಿತ್ತು.

ಕೊಟ್ರೇಶ್ ಹೊರಗೆ ಬಂದ. ಎಡಗಾಲು ಮೊಣಕಾಲಿನ ಕೆಳಗೆ ನಜ್ಜಾಗಿತ್ತು, ಆದರೆ ಉಸಿರಿತ್ತು. ದಾಸಣ್ಣ ಅವನಿಗೆ ತನ್ನ ಟವೆಲ್ ಬಿಗಿದು, ಪಂಪಿನ ಕಡೆಗೆ ಓಡಿ, ಹನ್ನೆರಡು ಜನರನ್ನೂ ಕರೆತಂದ. ಅವರು ನಿರಂಜನನ ಎತ್ತಿದ ಕೈಯಡಿಯಲ್ಲಿ ಒಬ್ಬೊಬ್ಬರಾಗಿ ಬಗ್ಗಿ ಹಾದುಹೋದರು. ಯಾರೂ ಅವನ ಮುಖ ನೋಡಲಿಲ್ಲ. ಒಬ್ಬ ಹಾದುಹೋಗುವಾಗ ಅವನ ಬೂಟು ಮುಟ್ಟಿ ಕಣ್ಣಿಗೊತ್ತಿಕೊಂಡ. ಕೊನೆಯ ಇಬ್ಬರು ಕೊಟ್ರೇಶನನ್ನು ಎತ್ತಿಕೊಂಡರು.

“ಸಾರ್ ಬರಲ್ವಾ?” ಎಂದ ಕೊಟ್ರೇಶ್. ಉತ್ತರ ಬರುವ ಮೊದಲೇ ಅವನನ್ನು ಹೊತ್ತೊಯ್ದರು.

ದೀಪಗಳು ದೂರವಾದವು. ಹೆಜ್ಜೆಗಳು ಮುಗಿದವು. ನಿರಂಜನನ ದೀಪವೂ ಮಂಕಾಗಿ ಆರಿತು. ಕತ್ತಲು ಒದ್ದೆ ಕಂಬಳಿಯಂತೆ ಮೈಗೆ ಅಂಟಿತು. ಯಾರೋ ಪಂಪು ಆರಿಸಿದ್ದರು. ನೀರಿನ ಸದ್ದು ಹತ್ತಿರ ಬರುತ್ತಿತ್ತು.

ಈಗ ಕೈ ಬಿಟ್ಟು ಓಡಬಹುದು ಎಂದುಕೊಂಡ. ಹತ್ತು ಹೆಜ್ಜೆ ಸಿಕ್ಕರೆ ಸಾಕು. ಒಂದು, ಎರಡು, ಮೂರು ಎಂದು ಎಣಿಸಿ ಎಳೆದ. ಕೈ ಬರಲಿಲ್ಲ. ಮತ್ತೆ ಎಳೆದ. ಎಡಗೈಯಿಂದ ಬೆರಳು ಬಿಡಿಸಲು ನೋಡಿದ. ಬೆರಳು ಸಿಗಲಿಲ್ಲ. ಅಲ್ಲಿದ್ದುದು ತೊಗಟೆ. ತಣ್ಣನೆಯ, ಸೀಳು ಬಿಟ್ಟ ತೊಗಟೆ. ಮಣಿಕಟ್ಟು ಒರಟಾಗಿತ್ತು. ಉಗುರಿನಿಂದ ಗೀರಿದ. ನೋವಿಲ್ಲ. ಇನ್ನೂ ಕೆಳಗೆ ಗೀರಿದ. ನೋವಿಲ್ಲ. ಮೊಳಕೈಗೆ ಇನ್ನು ನಾಲ್ಕು ಬೆರಳು ಇರುವಲ್ಲಿ ನೋವಾಯಿತು. ಒಂದು ನಿಮಿಷ ಬಿಟ್ಟು ಮತ್ತೆ ಗೀರಿದ. ಅಲ್ಲೀಗ ನೋವಿರಲಿಲ್ಲ. ಪಾದಗಳು ಭಾರವಾಗಿದ್ದವು. ಕಣ್ಣು ಮುಚ್ಚಿದರೆ ಎಷ್ಟು ಹಿತ ಎನಿಸುತ್ತಿತ್ತು. ನಿಂತೇ ಇರಬಹುದು. ಮೂವತ್ತೈದು ವರ್ಷ ಏನು ಮಹಾ.

ದೀಪವೊಂದು ಮರಳಿ ಬಂತು. ದಾಸಣ್ಣ. ಕೈಯಲ್ಲಿ ಕಂಬ ಕಡಿಯುವ ಕೊಡಲಿ.

“ಎಲ್ಲೀತನಕ ಬಂದೈತೆ ಸಾರ್?”

“ಮೊಳಕೈ.”

“ಭುಜಕ್ಕೆ ಬಂದ್ರೆ ಆಮೇಲೆ ಉಸಿರಿಗೇ ಬರೋದು. ಅವತ್ತು ಆ ಮನುಷ್ಯ ಕರೆದಾಗ ನಾನು ಹೋಗ್ಲಿಲ್ಲ. ಇವತ್ತು ಬಂದೀನಿ.” ಅವನು ಅಂಗೈಗೆ ಉಗುಳಿ ಕೊಡಲಿಯ ಕಾವನ್ನು ಬಿಗಿಹಿಡಿದ. “ಆ ಕಡೆ ನೋಡ್ರಿ.”

ಕೊಡಲಿ ಎದ್ದಿತು. ಮೊದಲ ಏಟಿಗೆ ಮರದ ಸದ್ದು. ಎರಡನೆಯದಕ್ಕೂ ಮರದ ಸದ್ದು. ಮೂರನೆಯದಕ್ಕೆ ನಿರಂಜನ್ ಕಿರುಚಿದ.

ಜಿಲ್ಲಾಸ್ಪತ್ರೆಯಲ್ಲಿ ಕಲ್ಲು ಬಿದ್ದು ಕೈ ಹೋಯಿತೆಂದು ಬರೆದುಕೊಂಡರು. ಕಂಪನಿಯವರೂ ಅದನ್ನೇ ಬರೆದರು. ನಿರಂಜನ್ ನಡೆದದ್ದನ್ನೆಲ್ಲ ಬರೆದು, ಆ ದಾರಿ ಮುಚ್ಚಿಸಿ ಎಂದು ಎರಡು ಪತ್ರ ಕಳಿಸಿದ. ಮ್ಯಾನೇಜರು ಫೋನಿನಲ್ಲಿ ಸಮಾಧಾನದ ಮಾತಾಡಿದರು. ಈಗ ಅಲ್ಲಿ ಒಂದು ಬಿರುಕೂ ಇಲ್ಲ, ಇಡೀ ಗಣಿಯಲ್ಲಿ ಅಷ್ಟು ಗಟ್ಟಿ ಜಾಗ ಇನ್ನೊಂದಿಲ್ಲ ಎಂದರು. ದಾಸಣ್ಣ ಕೆಲಸ ಬಿಟ್ಟಿದ್ದ.

ಐಮಂಗಲದ ಮನೆಯಲ್ಲಿ ನಿರಂಜನನಿಗೆ ಗಾಢ ನಿದ್ದೆ ಬರುತ್ತಿರಲಿಲ್ಲ. ಹೋದ ಕೈ ಹೋಗಿರಲಿಲ್ಲ. ಅದು ಗುಡ್ಡದೊಳಗೆ ನಿಂತು ಹೊರುತ್ತಿತ್ತು, ಭಾರವೆಲ್ಲ ಇಲ್ಲಿ ಈ ಮೋಟು ತೋಳಿಗೆ ಬರುತ್ತಿತ್ತು. ಶಿಫ್ಟು ಇಳಿದಾಗ ಅಂಗೈಯಡಿ ನಡೆದುಹೋಗುವ ಒಂದೊಂದು ಹೆಜ್ಜೆಯೂ ಅವನಿಗೆ ತಿಳಿಯುತ್ತಿತ್ತು. ಮೂರು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲೇ ತೂಕಡಿಸಿದ. ಸಂಜೆ ಕೊಟ್ರೇಶ್ ಫೋನ್ ಮಾಡಿದ.

“ಮತ್ತೆ ಕೆಲಸಕ್ಕೆ ತಗಂಡ್ರು ಸಾರ್! ಕುಂಟನಿಗೆ ಓಡಾಟ ಬ್ಯಾಡ ಅಂತ ಪಂಪ್ ಸ್ವಿಚ್ಚು ನೋಡ್ಕಣಾಕೆ ಕುಂದರ್ಸಾರೆ. ಅದೇ ಜಾಗದಾಗೆ. ಗಟ್ಟಿ ಐತೆ ಬಿಡ್ರಿ. ಮಧ್ಯಾಹ್ನ ಎರಡೂವರೇಲಿ ಮಾತ್ರ ಚೂರು ಪುಡಿ ಉದುರ್ತು.”

ನಿರಂಜನ್ ತೂಕಡಿಸಿದ್ದು ಎರಡೂವರೆಗೆ.

“ಬಿಟ್ಬಿಡು ಕೊಟ್ರೇಶ್. ಆ ಕೆಲಸ ಬೇಡ.”

“ಕುಂಟನಿಗೆ ಇನ್ಯಾರು ಕೆಲಸ ಕೊಡ್ತಾರೆ ಸಾರ್? ನೀವು ರೆಸ್ಟ್ ತಗಳ್ರಿ.”

ಅಂದಿನಿಂದ ಅವನು ಕಣ್ಣು ಮುಚ್ಚಿರಲಿಲ್ಲ; ರಾತ್ರಿ ಶಿಫ್ಟಿನಲ್ಲೂ ಒಳಗೆ ಜನ ಇರುತ್ತಿದ್ದರು. ಕೊಟ್ರೇಶನ ಶಿಫ್ಟಿನ ಎಂಟು ಗಂಟೆ ನಿಂತೇ ಕಳೆಯುತ್ತಿದ್ದ. ಮುಖಕ್ಕೆ ನೀರು, ನಾಲಿಗೆಗೆ ಮೆಣಸಿನಕಾಯಿ. ಐದನೆಯ ದಿನ ಹೆಂಡತಿ ಅನುಸೂಯ ಮಜ್ಜಿಗೆ ತಂದು ಬಾಯಿಗೆ ಹಿಡಿದಳು. ಅವನು ಗಟಗಟ ಕುಡಿದ. ತಳದಲ್ಲಿ ಬಿಳಿಯ ಗಸಿ ಇತ್ತು.

“ಏನು ಹಾಕಿದೆ?”

“ಡಾಕ್ಟ್ರು ಕೊಟ್ಟ ನಿದ್ದೆ ಮಾತ್ರೆ ಕಣ್ರೀ.” ಅವಳು ಅಳುತ್ತಿದ್ದಳು. “ಐದು ದಿನ ಆತು. ಹಿಂಗಾದ್ರೆ ಉಳಿಯಲ್ಲ ನೀವು. ಒಂದ್ ಗಳಿಗೆ ಮಲಗ್ರಿ.”

ಗಡಿಯಾರ ನೋಡಿದ. ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. ಕೊಟ್ರೇಶ್ ಒಳಗಿದ್ದ. ಎಡಗೈಯಿಂದ ಫೋನ್ ಹಚ್ಚಿದ. ಗುಡ್ಡದೊಳಗೆ ಸಿಗ್ನಲ್ ಇಲ್ಲ. ಮ್ಯಾನೇಜರಿಗೆ ಹಚ್ಚಿದ. ರಿಂಗಾಯಿತು. ಎತ್ತಲಿಲ್ಲ. ಬೆರಳು ಬಾಯಿಗೆ ಹಾಕಿ ವಾಂತಿ ಮಾಡಲು ನೋಡಿದ. ಬೆರಳು ಬಾಯಿಯ ತನಕ ಹೋಗಲಿಲ್ಲ. ಮಂಡಿ ಬಗ್ಗಿತು. ಅನುಸೂಯ ಅವನನ್ನು ಹಿಡಿದು, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಂಗೈಯಡಿ ಯಾರೋ ಕುಂಟುತ್ತ ಬಂದು ಕುಳಿತರು.

“ಎಬ್ಬಿಸು” ಎನ್ನಬೇಕೆಂದಿದ್ದ. ನಾಲಿಗೆ ಏಳಲಿಲ್ಲ.

ಅವಳು ಹಣೆ ಸವರುತ್ತಿದ್ದಳು. ಹಿತವಾಗಿತ್ತು. ಬಹಳ ಹಿತವಾಗಿತ್ತು. ಗುಡ್ಡದೊಳಗಿನ ಕೈ ಮೆಲ್ಲಗೆ ಇಳಿಯತೊಡಗಿತು.